ಗಾಡಿ ಸರ್ವೀಸ್ ಆಯ್ತು, ಸವಾರನದ್ದು?

ನಾನು ಧಾರವಾಡದವನು. ಪುಣೆಗೆ ಬಂದು 11 ವರ್ಷ ಆಯ್ತು, ಹಿಂಜವಡಿಯಲ್ಲಿ ಕೆಲಸ. ನನ್ನ ಹತ್ತಿರ ಇರೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೇ 411 ಸಿಸಿ. 2018ರ ಕೊನೆಗೆ ತಗೊಂಡಿದ್ದು. 70 ಸಾವಿರ ಕಿಲೋಮೀಟರ್ ದಾಟಿದೆ. ಅದರಲ್ಲಿ ಲಡಾಖ್ ಒಂದೇ ಸಲ. ಉಳಿದದ್ದರಲ್ಲಿ ಬಹುಪಾಲು ಪುಣೆ–ಧಾರವಾಡ, ಧಾರವಾಡ–ಪುಣೆ.

ಟೂರಿಂಗ್ ಬೈಕ್ ಅಂದ ಕೂಡಲೇ ಎಲ್ಲರೂ ಲಡಾಖ್ ಫೋಟೋ ತೋರಿಸ್ತಾರೆ. ಆದರೆ ನಮ್ಮಂಥವರು ನಿಜವಾಗಿ ಓಡಿಸೋದು ಊರಿನ ದಾರಿಯಲ್ಲಿ. ಹಬ್ಬಕ್ಕೆ, ಮದುವೆಗೆ, ಅಪ್ಪನ ಕಣ್ಣಿನ ಆಪರೇಷನ್‌ಗೆ. ಹಾಗಾಗಿ ಇವತ್ತು ಮಾತಾಡೋದು ಆ ದಾರಿಯ ಬಗ್ಗೆನೇ.

ಮೊದಲು ಗಾಡಿ. ದೂರದ ಸವಾರಿಗೆ ಯಾವ ಬೈಕ್ ಒಳ್ಳೇದು ಅಂತ ವಾರಕ್ಕೊಬ್ಬರಾದರೂ ಕೇಳ್ತಾರೆ. ನಾನು ತಿರುಗಿ ಕೇಳೋದು ಒಂದೇ: ನೂರು ಕಿಲೋಮೀಟರ್ ಆದಮೇಲೆ ಸೊಂಟ ಏನು ಹೇಳುತ್ತೆ? ನನ್ನ ಗಾಡಿಗೆ ಇರೋದು 24 ಚಿಲ್ಲರೆ ಬಿಎಚ್‌ಪಿ ಅಷ್ಟೇ. ಕಾಲೇಜು ಹುಡುಗರ ಬೈಕ್‌ಗಳು ನನ್ನನ್ನ ಹಿಂದೆ ಹಾಕಿ ಹೋಗ್ತವೆ. ಹೋಗಲಿ ಬಿಡಿ. 15 ಲೀಟರ್ ಟ್ಯಾಂಕ್ ಇದೆ, ಹೈವೇಯಲ್ಲಿ ನನಗೆ ಲೀಟರಿಗೆ 30ರ ಹತ್ತಿರ ಕೊಡುತ್ತೆ. ಗಂಟೆಗೆ 80ರಲ್ಲಿ ಇಡೀ ದಿನ ಕೂತರೂ ಕೈ ಜುಮ್ ಅನ್ನಲ್ಲ. ನನಗೆ ಅಷ್ಟು ಸಾಕು.

ಇನ್ನು ನೋಡಿಕೊಳ್ಳೋದು. ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಅಪ್ಪನ ಗಾಡಿ ಮಾತ್ರ ಅದಾದ ಮೇಲೂ ಹತ್ತು ವರ್ಷ ಓಡ್ತು. ಭಾನುವಾರ ಬೆಳಿಗ್ಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ಹಾಕೋರು. ಈಗಲೂ ನಾನು ಧಾರವಾಡಕ್ಕೆ ಹೋಗಿ ಗಾಡಿ ನಿಲ್ಲಿಸಿದರೆ ಅಪ್ಪ ಮೊದಲು ನನ್ನ ಮುಖ ನೋಡಲ್ಲ, ಚೈನ್ ನೋಡ್ತಾರೆ. ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ, "ಸ್ವಲ್ಪ ಸಡಿಲ ಆಗೇತಿ ನೋಡು" ಅಂತಾರೆ. ಆಮೇಲೆ "ಊಟ ಆತೇನು?"

ಅಪ್ಪ ನೋಡೋದನ್ನೇ ನೀವೂ ನೋಡಿ. 500 ಕಿಲೋಮೀಟರಿಗೊಮ್ಮೆ ಚೈನ್ ಒರೆಸಿ ಎಣ್ಣೆ ಹಾಕಿ. ಮಳೆಯಲ್ಲಿ ಓಡಿಸಿದ್ರೆ ಅವತ್ತೇ ಸಂಜೆ ಹಾಕಿ. ಓ-ರಿಂಗ್ ಇರೋ ಚೈನ್‌ಗೆ ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ರಬ್ಬರ್ ಹಾಳಾಗುತ್ತೆ. ಸೀಮೆಎಣ್ಣೆ, ಮೆತ್ತಗಿನ ಬ್ರಷ್, 90 ನಂಬರ್ ಗೇರ್ ಆಯಿಲ್ ಇದ್ದರೆ ಆಯ್ತು. ಚಕ್ರವನ್ನ ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಚೈನ್ ಒರೆಸೋಕೆ ಹೋಗಿ ಬೆರಳು ಕಳೆದುಕೊಂಡೋರಿದ್ದಾರೆ.

ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರ್ತವೆ. 3522 ಅಂದ್ರೆ 2022ರ 35ನೇ ವಾರ ತಯಾರಾಗಿದ್ದು. ಗುಂಡಿ ಎಷ್ಟೇ ಆಳ ಕಾಣಲಿ, ಹಳೇ ರಬ್ಬರ್ ಗಟ್ಟಿಯಾಗಿರುತ್ತೆ, ಒದ್ದೆ ರಸ್ತೆ ಹಿಡಿಯಲ್ಲ. ಗಾಳಿಯನ್ನ ಟೈರ್ ತಣ್ಣಗಿದ್ದಾಗ ನೋಡಿ. ನನ್ನ ಗಾಡಿಯದ್ದು ಟ್ಯೂಬ್ ಇರೋ ಟೈರ್. ಅದಕ್ಕೆ ಮುಂದಿನ ಹಿಂದಿನ ಎರಡೂ ಟ್ಯೂಬ್, ಒಂದು ಕ್ಲಚ್ ಕೇಬಲ್, ಒಂದು ಎಕ್ಸಲರೇಟರ್ ಕೇಬಲ್ ಯಾವಾಗಲೂ ಬ್ಯಾಗಲ್ಲಿ ಇರ್ತವೆ. ಹೈವೇ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕೈಚಳಕ ಸಿಗುತ್ತೆ, 21 ಇಂಚಿನ ಟ್ಯೂಬ್ ಸಿಗೋದು ಕಷ್ಟ.

ಇಷ್ಟು ಎಲ್ಲರೂ ಹೇಳ್ತಾರೆ. ಈಗ ನಾನು ಹೇಳಲೇಬೇಕು ಅಂತ ಬಂದ ವಿಷಯ.

ನಮ್ಮದು ಆರು ಜನರ ಗುಂಪು, ಎಲ್ಲರೂ ಬೆಳಗಾವಿ–ಧಾರವಾಡ ಕಡೆಯವರು. ಅದರಲ್ಲಿ ಗಾಡಿಯನ್ನ ಮಗುವಿನ ಹಾಗೆ ನೋಡ್ಕೊಳ್ಳೋನು ಒಬ್ಬ ಇದ್ದ. ಹೊಸ ಟೈರ್, ಹೊಸ ಬ್ರೇಕ್ ಪ್ಯಾಡ್, ಎರಡೂ ಚಕ್ರಕ್ಕೆ ಎಬಿಎಸ್, ಒಳ್ಳೇ ಹೆಲ್ಮೆಟ್. ಜನವರಿಯ ಒಂದು ಶುಕ್ರವಾರ ಆಫೀಸಲ್ಲಿ ರಿಲೀಸ್ ಇತ್ತು. ಕಾಲ್ ಮುಗಿದಾಗ ರಾತ್ರಿ ಒಂಬತ್ತೂವರೆ. ಮರುದಿನ ಬೆಳಿಗ್ಗೆ ಊರಲ್ಲಿ ತಂಗಿ ಮಗನ ಜವಳ. ಹತ್ತಕ್ಕೆ ಪುಣೆ ಬಿಟ್ಟ. ಮೂರು ಗಂಟೆ ಸುಮಾರಿಗೆ ಸಂಕೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದಕ್ಕೆ ಹೋಗಿ ಹೊಡೆದ.

ಆ ಭಾಗ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕೊಲ್ಹಾಪುರದಿಂದ ಬೆಳಗಾವಿವರೆಗೆ ಚಳಿಗಾಲ ಅಂದ್ರೆ ಕಬ್ಬು ನುರಿಸೋ ಕಾಲ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ತುಂಬಿ ಹೊರಗೆ ಚಾಚಿದ ಕಬ್ಬು. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವೇ ಇರಲ್ಲ. ಗಂಟೆಗೆ 80ರಲ್ಲಿ ನೀವು ಸೆಕೆಂಡಿಗೆ 22 ಮೀಟರ್ ಹೋಗ್ತೀರಿ. ಎರಡು ಸೆಕೆಂಡ್ ರೆಪ್ಪೆ ಮುಚ್ಚಿದ್ರೆ 44 ಮೀಟರ್. ರಸ್ತೆ ಮೇಲೆ ಬ್ರೇಕ್ ಹಿಡಿದ ಗುರುತೇ ಇರಲಿಲ್ಲ. ಬ್ರೇಕ್ ಹಿಡಿದರೆ ತಾನೇ ಎಬಿಎಸ್ ಕೆಲಸಕ್ಕೆ ಬರೋದು?

ಜೀವ ಉಳೀತು. ತೊಡೆ ಮೂಳೆಗೆ ರಾಡ್, ಎಂಟು ತಿಂಗಳು ಮನೆ. ಈಗ ನಡೀತಾನೆ, ಗಾಡಿ ಹತ್ತಲ್ಲ. ಜವಳದ ದಿನ ಅವರ ಮನೆಯವರೆಲ್ಲ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತಿದ್ದರು.

ನಿದ್ದೆಯ ಬಗ್ಗೆ 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೆ. 17 ಗಂಟೆ ಎದ್ದೇ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05 ಮದ್ಯ ಇರೋರ ಮಟ್ಟಕ್ಕೆ ಇಳಿದಿತ್ತು. ನಮ್ಮ ಕಾನೂನಿನ ಮಿತಿ ಶೇಕಡ 0.03. ಲೆಕ್ಕ ಹಾಕಿ. ಬೆಳಿಗ್ಗೆ ಏಳಕ್ಕೆ ಎದ್ದವರಿಗೆ ಮಧ್ಯರಾತ್ರಿಗೆ 17 ಗಂಟೆ. ಕುಡಿದು ಓಡಿಸಬಾರದು ಅಂತ ನಮಗೆಲ್ಲ ಗೊತ್ತು. ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಹೊರಡೋದನ್ನ ಮಾತ್ರ "ಒಂದು ದಿನ ಉಳೀತು" ಅಂತೀವಿ.

ಆದ್ದರಿಂದ ನಮ್ಮ ಗುಂಪಲ್ಲಿ ಈಗ ಒಂದೇ ನಿಯಮ. ಶುಕ್ರವಾರ ರಾತ್ರಿ ಯಾರೂ ಹೊರಡಲ್ಲ. ಅಷ್ಟು ಅರ್ಜೆಂಟ್ ಇದ್ದರೆ ಸ್ಲೀಪರ್ ಬಸ್ಸು. ಇಲ್ಲದಿದ್ದರೆ ಮಲಗಿ, ಶನಿವಾರ ಐದಕ್ಕೆ ಹೊರಡೋದು. ಖಂಬಾಟ್ಕಿ ಘಾಟ್ ಹತ್ತೋವಾಗ ಬೆಳಕು ಹರೀತಾ ಇರುತ್ತೆ. ಒಂದೂವರೆ ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯೋದು, ಬಾಯಾರಿಕೆ ಆಗಲಿ ಬಿಡಲಿ ನೀರು ಕುಡಿಯೋದು. ಸುಮಾರು 420 ಕಿಲೋಮೀಟರಿಗೆ ಒಂಬತ್ತು ಗಂಟೆ. ಊಟಕ್ಕೆ ಮನೆಯಲ್ಲಿ. "ಅಷ್ಟು ದೂರ ಗಾಡಿ ಮ್ಯಾಲೆ ಯಾಕೋ, ಬಸ್ಸಿಗೆ ಬಾ" ಅಂತ ಅವ್ವ ಇನ್ನೂ ಅಂತಾಳೆ. ಆದರೆ ಈಗ ರಾತ್ರಿಯಿಡೀ ಎದ್ದು ಕೂರಲ್ಲ.

ಆ ಅಪಘಾತದಿಂದ ಗೊತ್ತಾದ ಇನ್ನೊಂದು ವಿಷಯ, ಇನ್ಶೂರೆನ್ಸ್. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಪಾಲಿಸಿ ಮೇಲೆ ಐದು ವರ್ಷ ಅಂತ ಕಾಣುತ್ತೆ, ನಾವು ಮರೆತುಬಿಡ್ತೀವಿ. ಸಾಮಾನ್ಯವಾಗಿ ನಮ್ಮ ಸ್ವಂತ ಗಾಡಿಯ ಹಾನಿಗೆ ಇರೋ ಭಾಗ ಒಂದೇ ವರ್ಷದ್ದು. ಗೆಳೆಯನದ್ದು ಮುಗಿದು ನಾಲ್ಕು ತಿಂಗಳಾಗಿತ್ತು. ಇವತ್ತೇ ಪಾಲಿಸಿ ತೆಗೆದು ಎರಡೂ ತಾರೀಖು ನೋಡಿ. ಸವಾರನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. ಫೋನಲ್ಲಿ ಎರಡು ನಂಬರ್ ಇರಲಿ: 112, ಮತ್ತೆ ರಾಷ್ಟ್ರೀಯ ಹೆದ್ದಾರಿಯ 1033.

ಕೆಎ ನಂಬರ್ ಗಾಡಿ ಇಟ್ಟುಕೊಂಡೋರಿಗೆ ಒಂದು ಮಾತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತೆ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇರೋ ಕಂಪನಿಯವರಿಗೆ 2021ರಿಂದ ಬಿಎಚ್ ಸರಣಿ ಇದೆ, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟೋದು. ಹೊಸ ಗಾಡಿ ತಗೊಳ್ಳೋ ಮುಂಚೆ ನಿಮ್ಮ ಆರ್‌ಟಿಓದಲ್ಲಿ ವಿಚಾರಿಸಿ. ಮುಂಬೈಯವರು ನೆನಪಿಡಿ, ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ, ಹಳೇ ಹೈವೇನೇ ಗತಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಬಸ್ಸಿಗೇ ಹೋಗಬಹುದಲ್ಲ ಅಂತೀರಿ. ಹೋಗಬಹುದು. ಆದರೆ ಬಸ್ಸಲ್ಲಿ ಮಲಗಿದವನಿಗೆ ಪುಣೆ ಆದಮೇಲೆ ಒಮ್ಮೆಲೇ ಧಾರವಾಡ. ಗಾಡಿ ಮೇಲೆ ಊರು ಸ್ವಲ್ಪ ಸ್ವಲ್ಪವಾಗಿ ಬರುತ್ತೆ. ಕರಾಡದಲ್ಲಿ ಕೃಷ್ಣಾ ನದಿಯ ತಂಪು. ಕೊಲ್ಹಾಪುರ ದಾಟಿದ ಮೇಲೆ ಆಲೆಮನೆ ಬೆಲ್ಲದ ವಾಸನೆ, ಹೆಲ್ಮೆಟ್ ಒಳಗೇ ಬರುತ್ತೆ. ಕಾಗಲ್ ಮುಗಿದು ಕೊಗನೋಳಿ ಬಂತು ಅಂದ್ರೆ ಬೋರ್ಡ್ ಮೇಲೆ ಕನ್ನಡ. ಕಿತ್ತೂರು ಹತ್ತಿರ ಮಣ್ಣಿನ ಬಣ್ಣ ಬದಲಾಗುತ್ತೆ. ವಾರವೆಲ್ಲ ಮೂರು ಭಾಷೆಯಲ್ಲಿ ಮೀಟಿಂಗ್ ಮಾಡಿದ ತಲೆ, ಚಹಾದಂಗಡಿಯವನು "ಎಲ್ಲಿಂದ ಬಂದ್ರಿ ಅಣ್ಣಾರ?" ಅಂದ ಕೂಡಲೇ ಹಗುರಾಗುತ್ತೆ. ಇದಕ್ಕೆ ಹಗಲು ಬೇಕು. ಕತ್ತಲಲ್ಲಿ ಹೋದವನಿಗೆ ಅಪಾಯ ಪೂರ್ತಿ ಸಿಗುತ್ತೆ, ಈ ಸುಖ ಒಂದೂ ಸಿಗಲ್ಲ.

ಮುಂದಿನ ಸಲ ಸರ್ವೀಸ್ ಸೆಂಟರಿನಿಂದ ಗಾಡಿ ತಂದಾಗ ಬಿಲ್ ಹಿಂದೆ ಒಂದು ಸಾಲು ಬರೆದುಕೊಳ್ಳಿ: ನಿನ್ನೆ ಎಷ್ಟು ಗಂಟೆ ನಿದ್ದೆ? ಆರಕ್ಕಿಂತ ಕಡಿಮೆ ಇದ್ದರೆ ಕೀಲಿ ಗೂಟಕ್ಕೆ ಹಾಕಿ ಮಲಗಿ. ಊರು ಎಲ್ಲೂ ಹೋಗಲ್ಲ.