ನಾರ್ಮಲ್ ಎಂಬ ಕಾಲಂ



ಮೇಷ್ಟ್ರು ಎಂದರೆ ಯಾವ ಮೇಷ್ಟ್ರು ಎಂದು ಈ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಅವರ ತರಗತಿಯಲ್ಲಿ ಬೆಂಚಿನ ಮೇಲೆ ನಿಂತಿದ್ದವನನ್ನು ಇವತ್ತು ಅವರ ಹೆಸರಿನ ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ. ಎರಡೂ ಕಡೆ ಕಾಲು ನಡುಗುವುದು ಒಂದೇ ಥರ. ಲೆಕ್ಕದ ಉತ್ತರ ಸರಿಯಿದ್ದರೂ ಪಕ್ಕದಲ್ಲಿ ಗ್ರಾಮೋ ಲೀಟರೋ ಬರೆಯದಿದ್ದರೆ ಮೇಷ್ಟ್ರು ಸೊನ್ನೆ ಹಾಕುತ್ತಿದ್ದರು. ಮೂವತ್ತು ವರ್ಷ ಲ್ಯಾಬಿನಲ್ಲಿ ಕೂತವನಾಗಿ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಗದರಿಸಬೇಕಾದ ಕಾಲಂ ಇನ್ನೊಂದಿದೆ. ರಿಪೋರ್ಟಿನ ಬಲತುದಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುತ್ತದಲ್ಲ, ಅದು.

ಮೂಲ ಪಾಠವನ್ನು ಬೇಗ ಮುಗಿಸುತ್ತೇನೆ. ಈ ‘ನಾರ್ಮಲ್’ ಮಿತಿ ಕಟ್ಟಲು ಆರೋಗ್ಯವಂತರನ್ನು ಆರಿಸಬೇಕು, ಕನಿಷ್ಠ 120 ಮಂದಿ. ಗಂಡು ಹೆಣ್ಣಿಗೆ ಬೇರೆ ಬೇರೆ ಮಿತಿ ಬೇಕಾದರೆ ತಲಾ 120. ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ನೂರಕ್ಕೆ ಕೆಳಗಿನ ಎರಡೂವರೆ ಪಾಲು, ಮೇಲಿನ ಎರಡೂವರೆ ಪಾಲು ತೆಗೆದು, ಉಳಿದ 95ನ್ನು ಮಿತಿ ಎನ್ನುವುದು. ಅಂದರೆ ಇಪ್ಪತ್ತು ಮಂದಿ ಗಟ್ಟಿಮುಟ್ಟಾದವರಲ್ಲಿ ಸರಾಸರಿ ಒಬ್ಬರ ರಿಪೋರ್ಟಿಗೆ ಬಾಣದ ಗುರುತು ಬೀಳುತ್ತದೆ. ಫಿನ್‌ಲೆಂಡಿನ ಗ್ರೇಸ್‌ಬೆಕ್ ಮತ್ತು ಸಾರಿಸ್ 1969ರಲ್ಲೇ ‘ನಾರ್ಮಲ್’ ಎಂಬ ಮಾತು ಬೇಡ, ‘ರೆಫರೆನ್ಸ್’ ಎನ್ನೋಣ ಎಂದರು. ನಾವಿನ್ನೂ ಬಿಟ್ಟಿಲ್ಲ. ಊರಿನ ಬಹುಪಾಲು ಲ್ಯಾಬುಗಳು ಈ ಮಿತಿಯನ್ನು ಕಿಟ್ಟಿನ ಡಬ್ಬಿಯೊಳಗಿನ ಚೀಟಿಯಿಂದ ಎತ್ತಿಕೊಳ್ಳುತ್ತವೆ. ಆ ಚೀಟಿಯ ‘ಆರೋಗ್ಯವಂತರು’ ಯಾವ ದೇಶದವರೋ! ಥೈರಾಯಿಡ್, ಕ್ರಿಯಾಟಿನಿನ್ ಮುಂತಾದವುಗಳದೂ ಇದೇ ಕಥೆ, ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ನನ್ನ ಜಗಳವಿರುವುದು ಹಿಮೋಗ್ಲೋಬಿನ್ ಜೊತೆ.

ನಾನು ಕೆಲಸ ಕಲಿತದ್ದು ಸಾಹ್ಲಿ ಕೊಳವೆಯಲ್ಲಿ. ಪಿಪೆಟ್ಟಿನಲ್ಲಿ ಬಾಯಿಂದ ರಕ್ತ ಎಳೆದು, ಆಸಿಡ್ಡಿಗೆ ಬಿಟ್ಟು, ಹತ್ತು ನಿಮಿಷ ಕಾದು, ಹನಿಹನಿಯಾಗಿ ನೀರು ಬೆರೆಸಿ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದಿಸಬೇಕು. ಕಿಟಕಿಯ ಹೊರಗೆ ಮೋಡ ಕವಿದರೆ ಅಂಕಿಯೇ ಬದಲು. ಈಗಿನ ಯಂತ್ರಕ್ಕೆ ಮೋಡದ ಹಂಗಿಲ್ಲ, ನಿಜ. ಆದರೆ ಬೆರಳಿನ ಹಂಗಿದೆ. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ, ಅಂದರೆ ಸೋಲಿಗರ ಹಾಡಿಯ, ಶಿಬಿರದಲ್ಲಿ, ಮಾಗಿಯ ಬೆಳಿಗ್ಗೆ, ಸೋಲಿಗ ಹೆಂಗಸೊಬ್ಬರ ಬೆರಳು ಚುಚ್ಚಿದರೆ ರಕ್ತವೇ ಬರಲಿಲ್ಲ. ಚಳಿಗೆ ಬೆರಳು ಸೆಟೆದಿತ್ತು. ನಮ್ಮ ಲ್ಯಾಬಿನ ಹುಡುಗಿ ಹಿಂಡಿದಳು. ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ. ಬಂದ ಅಂಕಿ ಡೆಸಿಲೀಟರಿಗೆ 9.8 ಗ್ರಾಂ. ಬೆಂಕಿಯ ಹತ್ತಿರ ಕೂರಿಸಿ, ಅರ್ಧ ಗಂಟೆಯ ಮೇಲೆ ತೋಳಿನ ರಕ್ತನಾಳದಿಂದ ತೆಗೆದರೆ 11.4. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಎಂದದ್ದು ಬೆರಳಿನ ಹನಿಯಿಂದಲೇ. ಎಲ್ಲ ಬೆರಳನ್ನೂ ಹಿಂಡಿದ್ದಾರೆ ಎನ್ನುತ್ತಿಲ್ಲ. ಆದರೆ ಮಿತಿಯ ಬಗ್ಗೆ ಕಾದಾಡುವ ಮೊದಲು ಹನಿ ಎಲ್ಲಿಯದೆಂದು ಕೇಳಬೇಡವೇ? ಯೂನಿಟ್ ಬರೆಯದ ಉತ್ತರಕ್ಕೆ ಮೇಷ್ಟ್ರು ಹಾಕುತ್ತಿದ್ದ ಸೊನ್ನೆ ನೆನಪಾಗುತ್ತದೆ.

ಈಗ ಮಿತಿ. ಹೆಂಗಸರಿಗೆ 12, ಗಂಡಸರಿಗೆ 13 ಎಂದು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಹಾಕಿದ ಗೆರೆ ಹೆಚ್ಚಾಗಿ ಯುರೋಪು, ಉತ್ತರ ಅಮೆರಿಕದ ಬಿಳಿಯರ ಐದೇ ಅಧ್ಯಯನಗಳ ಮೇಲೆ ನಿಂತದ್ದು. ಇದನ್ನು ಪ್ರಶ್ನಿಸಿದವರು ನಮ್ಮವರೇ: ದೆಹಲಿಯ ಹರ್ಷಪಾಲ್ ಸಿಂಗ್ ಸಚ್‌ದೇವ್, ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು, 2021ರಲ್ಲಿ, ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ. ಅವರು ಬಳಸಿದ್ದು ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ರಕ್ತನಾಳದಿಂದ ತೆಗೆದ ರಕ್ತ. ಕಬ್ಬಿಣ, ಫೋಲೇಟ್, ಬಿ12 ಕೊರತೆಯಿದ್ದವರನ್ನೂ ಉರಿಯೂತ ಇದ್ದವರನ್ನೂ ಜರಡಿ ಹಿಡಿದ ಮೇಲೆ ಉಳಿದವರು 8087 ಮಕ್ಕಳು, ಹರೆಯದವರು. ಅವರಿಂದ ಗೆರೆ ಎಳೆದರೆ ಮಕ್ಕಳ ರಕ್ತಹೀನತೆ ನೂರಕ್ಕೆ 30ರಿಂದ 10.8ಕ್ಕೆ ಇಳಿಯಿತು.

ಜರಡಿ ಹಿಡಿದ ಕ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವರ ಹೆಸರು ಹೇಳಿಕೊಂಡು ಓಡಾಡುವವರಿದ್ದಾರಲ್ಲ, ಅವರ ಜೊತೆ ನನ್ನ ತಕರಾರು. ಅಧ್ಯಯನ ನಡೆದದ್ದು 1ರಿಂದ 19 ವರ್ಷದವರ ಮೇಲೆ. ಅದನ್ನು ತಂದು, ಹನೂರಿನ ಕಡೆ ಮೂರು ಹೆತ್ತ ಮೂವತ್ತರ ಹೆಂಗಸಿಗೆ ಅಂಟಿಸಿ ‘ನಮ್ಮ ಜನದ ರಕ್ತವೇ ಇಷ್ಟು’ ಎನ್ನುವುದು ವಿಜ್ಞಾನವಲ್ಲ. ಹಸಿದವರನ್ನೇ ಅಳೆದು ಹಸಿವನ್ನೇ ನಾರ್ಮಲ್ ಮಾಡಿದಂತೆ. ಇನ್ನೊಂದು ಬಣದವರೋ, ಹಲವು ದೇಶಗಳ ಅಂಕಿಗಳನ್ನು ಸೇರಿಸಿದರೂ ಹೆಂಗಸರ ಗೆರೆ 12ರ ಹತ್ತಿರವೇ ಬಂತು ಎಂದು 2024ರಲ್ಲಿ ಬೀಗಿದರು. ಸರಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಊರಿನ ಎತ್ತರಕ್ಕೆ ತಕ್ಕಂತೆ ಗೆರೆ ಏರಿಸುವ ತಿದ್ದುಪಡಿಯನ್ನು ಸಾವಿರ ಮೀಟರಿನ ಬದಲು ಐನೂರರಿಂದಲೇ ಶುರುಮಾಡಿತು. ಕೊಳ್ಳೇಗಾಲವೂ ಐನೂರು ದಾಟಿದ ಊರೇ. ಇಲ್ಲಿಯವರಿಗೆ ಗೆರೆ 0.4 ಮೇಲೆ, ಬೆಟ್ಟದಲ್ಲಿ ಸಾವಿರ ಮೀಟರ್ ದಾಟಿದ ಪೋಡಿನವರಿಗೆ 0.8 ಮೇಲೆ. ಒಬ್ಬ ತಜ್ಞರು ಗೆರೆ ಇಳಿಸುತ್ತಾರೆ, ಇನ್ನೊಬ್ಬರು ಏರಿಸುತ್ತಾರೆ. ನಡುವೆ ಆಶಾ ಕಾರ್ಯಕರ್ತೆ ಐರನ್ ಮಾತ್ರೆಯ ಪಟ್ಟಿ ಹಿಡಿದು ನಿಂತಿದ್ದಾಳೆ.

ಸ್ಥಳೀಯ ಮಿತಿಯೇ ಇರಲಿ ಎನ್ನುವವರಿದ್ದಾರೆ. ಆದರೆ ‘ಸ್ಥಳೀಯ’ ಎಂದರೆ ಯಾವುದು? 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ; ಪಕ್ಕದ ಯಳಂದೂರು ಒಂದು ಕಾಲಕ್ಕೆ ದಿವಾನ್ ಪೂರ್ಣಯ್ಯನವರ ಜಹಗೀರು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಹನೂರು ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ತಾಲ್ಲೂಕಿಗೊಂದು ಮಿತಿ ಮಾಡೋಣ ಎಂದು ಉತ್ಸಾಹದಿಂದ ಬರುವ ಯುವಕರಿಗೆ ನಾನು ಈ ಗಡಿಗಳ ಕಥೆ ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ.

ಹಾಗೆಂದು ನಾವೂ ಕೈಕಟ್ಟಿ ಕೂತವರಲ್ಲ. ಹಿಂದೊಮ್ಮೆ ಮೂರ್ನಾಲ್ಕು ಮಂದಿ ಸೇರಿ 120 ಹೆಂಗಸರನ್ನು ಹುಡುಕಲು ಹೊರಟೆವು. ಬಸುರಿಯರು, ಬಾಣಂತಿಯರು ಬೇಡ. ಜ್ವರ ಬಂದು ಹೋದವರು ಬೇಡ. ಹೊಗೆಸೊಪ್ಪು ಹಾಕುವವರು ಬೇಡ. ಐರನ್ ಮಾತ್ರೆ ನುಂಗುತ್ತಿರುವವರು ಬೇಡ ಎಂದದ್ದೇ ತಡ, ಸಾಲು ಖಾಲಿ. 120 ಮುಟ್ಟಲೇ ಇಲ್ಲ. ಅದನ್ನು ಅಧ್ಯಯನ ಎನ್ನಲಾರೆ, ಆದರೆ ನಾನು ಕಲಿತದ್ದು ಅಲ್ಲೇ: ಮಿತಿ ಹುಟ್ಟುವುದು ಊರಿನಿಂದಲ್ಲ, ಯಾರನ್ನು ಸಾಲಿನಿಂದ ಹೊರಗೆ ಕಳಿಸಿದೆವು ಎಂಬುದರಿಂದ.

ಇಲ್ಲೇ ಅತಿ ಕಷ್ಟದ ಪ್ರಶ್ನೆ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ, ಕೆಂಪು ಕಣವನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಜೀನ್ ಕಂಡರು. ನಮ್ಮ ಸೋಲಿಗರಲ್ಲೂ ಅದಿದೆ. ಒಂದೇ ಸಿಕಲ್ ಜೀನ್ ಹೊತ್ತವರ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಂಕಿ ನೋಡಿ ಹಿಡಿಯಲಾಗದು. ಆಲ್ಫಾ ಥಲಸೀಮಿಯ ಹಾಗಲ್ಲ. ದೇಶದ ಹಲವು ಬುಡಕಟ್ಟುಗಳಲ್ಲಿ ಹೇರಳವಾಗಿರುವ ಅದು ಅಂಕಿಯನ್ನು ತುಸು ತಗ್ಗಿಸುತ್ತದೆ, ಆಳನ್ನು ಮಲಗಿಸುವುದಿಲ್ಲ. ಮಲೇರಿಯಾ ಕಾಡಿನಲ್ಲಿ ಬದುಕಿ ಉಳಿಯಲು ಮೈ ತೆತ್ತ ಬೆಲೆ ಅದು. ಇಂಥವರನ್ನು ‘ಆರೋಗ್ಯವಂತರ’ ಸಾಲಿನಲ್ಲಿ ನಿಲ್ಲಿಸಬೇಕೋ ಹೊರಗೆ ಕಳಿಸಬೇಕೋ? ಪುಸ್ತಕದವರು ಹೊರಗೆ ಎನ್ನುತ್ತಾರೆ. ಊರಿನ ಅರ್ಧ ಜನ ಹೊರಗೆ ಹೋದರೆ ಉಳಿದವರ ಮಿತಿ ಯಾರಿಗೆ? ಅವರಿಗೆ ಅವರದೇ ಬೇರೆ ಸಾಲು ಇರಲಿ ಎನ್ನುವವನು ನಾನು. ಎರಡು ಸಾಲನ್ನು ಕಲಸಿ ಒಂದು ಗೆರೆ ಎಳೆದರೆ ಎರಡಕ್ಕೂ ಮೋಸ.

ಜೇನು ಇಳಿಸುವ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಹಿಮೋಗ್ಲೋಬಿನ್ 12.7, ಕೆಂಪು ಕಣ 6.1, ಕಣದ ಗಾತ್ರ 68. ಗಾತ್ರವನ್ನು ಎಣಿಕೆಯಿಂದ ಭಾಗಿಸಿದರೆ 11; ಹದಿಮೂರಕ್ಕಿಂತ ಕಮ್ಮಿ ಬಂದರೆ ಥಲಸೀಮಿಯದ ಗುಮಾನಿ. ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಸರಿಯಾಗಿತ್ತು. ಹೋದಲ್ಲೆಲ್ಲ ರಿಪೋರ್ಟಿನಲ್ಲಿ ಕೆಳಮುಖದ ಬಾಣ, ಹೋದಲ್ಲೆಲ್ಲ ಐರನ್ ಮಾತ್ರೆ. “ನನಗೇನಾಗದ ಸಾ? ನೆನ್ನಗಂಟ ಮರ ಹತ್ತಿದ್ನಲ್ಲ” ಎಂದರು.

ಒಬ್ಬ ಮನುಷ್ಯನ ಹಿಮೋಗ್ಲೋಬಿನ್ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಅಲ್ಲಾಡುವುದಿಲ್ಲ. ಮನುಷ್ಯರ ನಡುವಿನ ವ್ಯತ್ಯಾಸವೇ ದೊಡ್ಡದು. ಹಳೆಯ ರಿಜಿಸ್ಟರು ತೆಗೆಸಿದೆ. ಅವರ ಹಿಂದಿನ ಮೂರು ಅಂಕಿ ಸಿಕ್ಕಿದವು. ನಾರ್ಮಲ್ ಕಾಲಮ್ಮಿನಲ್ಲಿ ಅಚ್ಚಾಗಿದ್ದ 13ನ್ನು ಪೆನ್ನಿನಿಂದ ಹೊಡೆದು, ಅವುಗಳನ್ನು ಬರೆದೆ: 12.5, 12.8, 12.6. ಕೆಳಗೆ ತಾರೀಖುಗಳು. ಪಕ್ಕದಲ್ಲಿ, ಮೇಷ್ಟ್ರ ಭಯಕ್ಕೆ, ಯೂನಿಟ್ಟು. ಯಾವ ಡಾಕ್ಟರು ಮಾತ್ರೆ ಬರೆದರೂ ಮೊದಲು ಇದನ್ನು ತೋರಿಸಿ ಎಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನೊಳಗೆ ಸೇರಿಸಿ, ಅಂಗಿಯ ಒಳಜೇಬಿಗೆ ಇಳಿಸಿಕೊಂಡರು.