ಜ್ವರ ಬಿಟ್ಟ ಮೇಲಿನ ಕಣ್ಣು

2006ರಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕವನ್ನು ಹಣ್ಣುಮಾಡಿದುದನ್ನು ಶ್ರೋತೃಗಳು ಮರೆತಿರಲಾರರು. ನಾನಿರುವ ಕೋಣನಕುಂಟೆಯಲ್ಲಿಯೂ ಅಂದು ಗೋಡೆ ಹಿಡಿದು ನಡೆಯುತ್ತಿದ್ದವರನ್ನು ಕಂಡಿದ್ದೇನೆ. ಕೀಲುನೋವಿನ ಮಾತು ಎಲ್ಲರ ಬಾಯಲ್ಲಿತ್ತು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಜ್ವರ ಬಿಟ್ಟು ಕೆಲವು ವಾರಗಳಾದ ಮೇಲೆ ಕೆಲವರ ದೃಷ್ಟಿ ಮಸುಕಾಯಿತು. ಅಂತಹ ರೋಗಿಗಳನ್ನು ಕುರಿತು ನಾರಾಯಣ ನೇತ್ರಾಲಯದ ವೈದ್ಯರೂ, ನಮ್ಮ ನೆರೆಯ ಜಯನಗರದ ಪ್ರಭಾ ಕಣ್ಣಿನ ಚಿಕಿತ್ಸಾಲಯದ ವೈದ್ಯರೂ 2008ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು.

ಇಂತಹ ರೋಗದಲ್ಲಿ ಕಣ್ಣು ಕೆಂಪಾಗದೆಯೂ ನೋಯದೆಯೂ ಇರಬಹುದು. ಉರಿಯೂತವಿರುವುದು ಕಣ್ಣಿನ ಹಿಂಗೋಡೆಯಾದ ಅಕ್ಷಿಪಟಲದಲ್ಲಿ. ನನ್ನಂತೆ ಅರುವತ್ತು ದಾಟಿದವರು 'ಪೊರೆ ಬಂದಿರಬೇಕು' ಎಂದುಕೊಂಡು ಸುಮ್ಮನಾಗುವುದುಂಟು. ಅಷ್ಟರಲ್ಲಿ ಅಕ್ಷರ ಓದುವ ನಟ್ಟನಡುವಿನ ಭಾಗವೇ ಊದಿರುತ್ತದೆ.

ಇದನ್ನು ಕಾಣುವ ಒಂದು ಬಗೆ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿತು. ನೊವೊಟ್ನಿ, ಆಲ್ವಿಸ್ ಎಂಬಿಬ್ಬರು ವೈದ್ಯ ವಿದ್ಯಾರ್ಥಿಗಳು 1961ರಲ್ಲಿ ಅದನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಮೊದಲು ಒಡ್ಡಿದ್ದು ಆಲ್ವಿಸನ ಕಣ್ಣನ್ನೇ. ಫ್ಲೋರೆಸೀನ್ ಎಂಬ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಅದು ಕಣ್ಣನ್ನು ಸೇರಿ, ನೀಲಿ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆಯುತ್ತದೆ. ಅಕ್ಷಿಪಟಲದ ಸ್ವಸ್ಥ ನಾಳವು ಬಣ್ಣವನ್ನು ಹೊರಬಿಡದು. ಉರಿಯೂತಕ್ಕೀಡಾದದ್ದು ಒಡೆದ ಕೊಳಾಯಿಯಂತೆ ಸುತ್ತಲೂ ಸೋರುತ್ತದೆ. ಕೆಲವರಿಗೆ ವಾಕರಿಕೆ ಬರುತ್ತದೆ. ಮೈಯೂ ಮೂತ್ರವೂ ತುಸು ಕಾಲ ಹಳದಿಯಾಗುತ್ತವೆ, ಗಾಬರಿ ಬೇಡ.

ಎರಡನೆಯದು ಓಸಿಟಿ, 1991ರಲ್ಲಿ ಬೆಳಕಿಗೆ ಬಂದದ್ದು. ಚುಚ್ಚುವುದಿಲ್ಲ, ಮುಟ್ಟುವುದಿಲ್ಲ. ಹಿಂದಿರುಗುವ ಬೆಳಕನ್ನು ಅಳೆದು ಅಕ್ಷಿಪಟಲದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುತ್ತದೆ. ಅಳತೆ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ. 'ಸ್ವಲ್ಪ ವಾಸಿ' ಎಂಬ ನಮ್ಮ ಮಾತಿಗಿಂತ, ಕಳೆದ ಸಲದ ಊತಕ್ಕೂ ಈ ಸಲದ ಊತಕ್ಕೂ ಇರುವ ವ್ಯತ್ಯಾಸವೇ ಔಷಧ ನಾಟಿತೇ ಇಲ್ಲವೇ ಎಂಬುದನ್ನು ಖಚಿತವಾಗಿ ಹೇಳುತ್ತದೆ.

ಆದರೆ ಚಿತ್ರವೊಂದೇ ರೋಗದ ಮೂಲವನ್ನು ಹೇಳಲಾರದು. ಕ್ಷಯದಿಂದಲೂ ಟಾಕ್ಸೋಪ್ಲಾಸ್ಮಾದಿಂದಲೂ ಕಣ್ಣಿನೊಳಗೆ ಉರಿಯೂತವಾಗುವುದುಂಟು. ಮೂಲವರಿಯದೆ ಬರಿಯ ಸ್ಟೀರಾಯಿಡ್ ಕೊಟ್ಟರೆ ಸೋಂಕು ಉಲ್ಬಣಿಸೀತು. ಆದ್ದರಿಂದಲೇ ವೈದ್ಯರು ಕಣ್ಣನ್ನು ನೋಡುತ್ತ ಜ್ವರವನ್ನು ವಿಚಾರಿಸುವುದು. ನಮ್ಮ ಬೀದಿಯ ಹಿರಿಯರೊಬ್ಬರು, "ಕಣ್ಣಿಗೂ ಜ್ವರಕ್ಕೂ ಏನು ಸಂಬಂಧ ಸ್ವಾಮೀ?" ಎಂದು ತಿರುಗಿ ಕೇಳಿದರಂತೆ. ಡೆಂಗೆ, ಟೈಫಾಯಿಡುಗಳ ಬೆನ್ನಿಗೂ ಇದು ಬರುವುದುಂಟು. ಜ್ವರ ಎಂದು ಬಂತು, ಎಷ್ಟು ದಿನವಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು, ಹಳೆಯ ಚಿತ್ರಗಳಿದ್ದರೆ ಅವನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.