ಐದಕ್ಷರದ ಆಟ



ಹಗರಿಬೊಮ್ಮನಹಳ್ಳಿ ಎಂದು ಬರೆಯಲು ಕನ್ನಡಕ್ಕೆ 8 ಅಕ್ಷರ ಸಾಕು, ಇಂಗ್ಲಿಷಿಗೆ 18 ಬೇಕು. ನಮ್ಮಲ್ಲಿ ನುಡಿದಂತೆ ಬರಹ, ಅಲ್ಲಿ ಹಾಗಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಕನ್ನಡ ಮಾಧ್ಯಮದ ಎಷ್ಟೋ ಜಾಣ ಮಕ್ಕಳು ಸ್ಪೆಲ್ಲಿಂಗಿಗೆ ಹೆದರಿಯೇ ಪಿಯುಸಿಯಲ್ಲಿ ಸೈನ್ಸ್ ಬೇಡವೆನ್ನುತ್ತಾರೆ.

ಈ ಭಯಕ್ಕೆ ಆಟವೇ ಮದ್ದು. ಸಾಫ್ಟ್‌ವೇರ್ ಎಂಜಿನಿಯರ್ ಜೋಶ್ ವಾರ್ಡಲ್ 2021ರಲ್ಲಿ ಎಲ್ಲರಿಗೂ ಕೊಟ್ಟ 'ವರ್ಡಲ್'ನಲ್ಲಿ ಐದಕ್ಷರದ ಪದವನ್ನು ಆರು ಪ್ರಯತ್ನದೊಳಗೆ ಊಹಿಸಬೇಕು. ನಮಗೆ ಮೊಬೈಲೂ ಬೇಡ, ಕರಿಹಲಗೆ ಸಾಕು. ಇ, ಎ, ಆರ್ ಇರುವ ಐದಕ್ಷರದ ಪದ ಹೇಳಿ ನೋಡೋಣ! ಭೂಮಿ ಎನ್ನುವ 'ಅರ್ಥ್'. ಅದರ ಕೊನೆಯ ಎಚ್ ಮುಂದಕ್ಕೆ ತನ್ನಿ, ಹೃದಯ ಎನ್ನುವ 'ಹಾರ್ಟ್' ಆಯಿತು. ಅಕ್ಷರ ಅವೇ, ಉಚ್ಚಾರ ಬೇರೆ.

ಪ್ರಾರ್ಥನೆಯಾದ ಮೇಲೆ ದಿನಕ್ಕೊಂದು ಪದ ಹೀಗೆ ಆಡಿಸಿ, ಗುರುಗಳೇ. ಆಡಿದ ಪದಕ್ಕೆ ಮಕ್ಕಳು ಹೆದರುವುದಿಲ್ಲ.